ನಕ್ಷತ್ರಾಲಂಕಾರ: ವಾಟ್ಸಾಪ್ ಸಂದೇಶಗಳ ಅಂಗವಿನ್ಯಾಸ ಕುರಿತ ಶಾಸ್ತ್ರ

ಗ್ರಂಥಾವತರಣ

ಕಾವ್ಯ ಹೇಗಿರಬೇಕೆಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಹೇಳಿ ಮುಗಿಸಿತು. ಛಂದಸ್ಸಿನ ಲೆಕ್ಕವನ್ನು ನಾಗವರ್ಮ ಛಂದೋಂಬುಧಿಯಲ್ಲಿ ಬಗೆಹರಿಸಿದ. ಶಬ್ದಗಳ ಅಂಕುಡೊಂಕನ್ನು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಹಿಡಿದು ತಿದ್ದಿದ. ಇಷ್ಟೆಲ್ಲ ಮಾಡಿದ ಪೂರ್ವಾಚಾರ್ಯರು, ಸಂಪು ತೊಳೆಯುವುದರಿಂದ ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬ ಸಂಗತಿಯನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾವ ರೀತಿ ಬರೆಯಬೇಕು ಎಂಬ ವಿಚಾರದಲ್ಲಿ ಮಾತ್ರ ತುಟಿ ಬಿಚ್ಚದೆ ಹೋಗಿದ್ದಾರೆ. ಎಷ್ಟು ನಕ್ಷತ್ರ, ಎಷ್ಟು ಆಶ್ಚರ್ಯಸೂಚಕ ಚಿಹ್ನೆ, ಕೊನೆಯಲ್ಲಿ ಎಷ್ಟು ಜೊತೆ ಮುಗಿದ ಕೈ ಎಂಬುದಕ್ಕೆ ಪ್ರಮಾಣವಿಲ್ಲದೆ ಕನ್ನಡಿಗರು ಬೆರಳಿಗೆ ಬಂದಂತೆ ಒತ್ತುತ್ತಿದ್ದಾರೆ. ಆ ಕೊರತೆಯನ್ನು ನೀಗಲು ಈ ಗ್ರಂಥ.

ಭಟ್ಟಾಕಳಂಕದೇವ 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಬರೆದಿಟ್ಟ. ನಮ್ಮದೂ ಅದೇ ಹಾದಿ: ಸೂತ್ರ ಸಂಸ್ಕೃತದಲ್ಲಿ, ವೃತ್ತಿ ಕನ್ನಡದಲ್ಲಿ. ಸಂಸ್ಕೃತದಲ್ಲಿ ಹೇಳಿದ್ದಕ್ಕೆ ಗ್ರೂಪಿನಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ ಎಂಬುದೂ ಒಂದು ಅನುಕೂಲ. ಸಂಖ್ಯೆಯನ್ನು ಮಾತ್ರ ಏಳಕ್ಕೆ ಇಳಿಸಿದ್ದೇವೆ. ಉದ್ದ ಬರೆದದ್ದನ್ನು ವಾಟ್ಸಾಪು ಮಡಚಿ, ಉಳಿದದ್ದು ಬೇಕಾದರೆ ಒತ್ತಿ ಓದಿ ಎನ್ನುತ್ತದೆ. ಒತ್ತಿ ಓದಿದವರನ್ನು ಶಾಸ್ತ್ರಕಾರರು ಇನ್ನೂ ಹುಡುಕುತ್ತಿದ್ದಾರೆ.

ಯಾವ ಶಾಸ್ತ್ರಕ್ಕೂ ಅನುಬಂಧ ಚತುಷ್ಟಯ ಬೇಕು. ವಿಷಯ: ಅಕ್ಷರವನ್ನು ದಪ್ಪ ಮಾಡುವುದು, ಓರೆ ಮಾಡುವುದು, ಹೊಡೆದುಹಾಕುವುದು ಮತ್ತು ಅದರ ಸುತ್ತ ಹೂವಿಡುವುದು. ಪ್ರಯೋಜನ: ಓದಿಸಿಕೊಳ್ಳುವುದು. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಇರಬೇಕಾದದ್ದು, ಇದೆಯೇ ಎಂಬುದನ್ನು ಮುಂದೆ ನೋಡೋಣ. ಅಧಿಕಾರಿ: ಗ್ರೂಪಿಗೆ ಸೇರಿಸಲ್ಪಟ್ಟವನು. ತಾನಾಗಿ ಸೇರಿದವನೆಂದು ಎಲ್ಲೂ ಕಂಡುಬಂದಿಲ್ಲ. 2022ರಿಂದ ಒಂದು ಗ್ರೂಪಿನಲ್ಲಿ 1,024 ಅಧಿಕಾರಿಗಳಿಗೆ ಅವಕಾಶವಿದೆ.

ಪೂರ್ವೇತಿಹಾಸ

ಅಂಗವಿನ್ಯಾಸ ನಮಗೆ ಹೊಸದೆಂದು ತಿಳಿಯಬಾರದು. ಮದುವೆಯ ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದ ಅಜ್ಜಿ ಮಾಡುತ್ತಿದ್ದದ್ದು ಅದನ್ನೇ. ಸಾವಿನ ಸುದ್ದಿಯ ಕಾರ್ಡಿನ ಮೂಲೆಗೆ ಮಸಿ ಬಳಿಯುತ್ತಿದ್ದರು. ಓದಲು ಬಾರದವರೂ ಮೂಲೆ ನೋಡಿಯೇ ಎದೆಯೊಡೆದುಕೊಳ್ಳುತ್ತಿದ್ದರು. ಆ ವಿನ್ಯಾಸಕ್ಕೆ ಎರಡೇ ಚಿಹ್ನೆ, ಎರಡೇ ಅರ್ಥ, ಗೊಂದಲವಿಲ್ಲ. ಉಳಿದದ್ದಕ್ಕೆಲ್ಲ ‘ಉ॥ಕು॥ಸಾಂಪ್ರತ’ ಸಾಕಾಗುತ್ತಿತ್ತು. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮುಗಿದಾಗ ಅತ್ತೆಯ ಮೇಲಿನ ದೂರು ಅಂಚಿಗೆ ಏರಿ, ಕಾಗದದ ಸುತ್ತ ಪ್ರದಕ್ಷಿಣೆ ಹಾಕಿ, ಅಂಟಿನ ಪಟ್ಟಿಯ ಕೆಳಗೆ ಕೊನೆಗೊಳ್ಳುತ್ತಿತ್ತು. ನಿಜವಾದ ಸಮಾಚಾರ ಸಿಗುತ್ತಿದ್ದದ್ದು ಅಲ್ಲೇ.

ಇನ್ನೂ ಹಿಂದೆ ಹೋದರೆ ವಿನ್ಯಾಸವೇ ಇರಲಿಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿರುವುದು 16 ಸಾಲು. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಪ್ಯಾರಾ ಇಲ್ಲ, ಅಲ್ಪವಿರಾಮವಂತೂ ಇಲ್ಲವೇ ಇಲ್ಲ. ಉಳಿಯಲ್ಲಿ ಕೆತ್ತುವವನಿಗೆ ಆಶ್ಚರ್ಯಸೂಚಕ ಚಿಹ್ನೆಯನ್ನು ಐದು ಸಲ ಹಾಕುವ ಉಮೇದು ಬರುವುದಿಲ್ಲ. ಓಲೆಗರಿಯಲ್ಲಿ ಕಂಠದಿಂದ ಕೊರೆಯುತ್ತಿದ್ದ ಲಿಪಿಕಾರನದೂ ಅದೇ ಕಥೆ. ಇಂಗ್ಲಿಷಿನ ವಿರಾಮಚಿಹ್ನೆಗಳು ನಮ್ಮಲ್ಲಿ ಬೇರುಬಿಟ್ಟದ್ದು ಅಚ್ಚಿನ ಮೊಳೆಗಳ ಜೊತೆ. ಮಂಗಳೂರಿನಲ್ಲಿ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಕಲ್ಲಚ್ಚಿನಲ್ಲಿ ಮೂಡಿದ ಕನ್ನಡಕ್ಕೆ, ಮುಂದೊಂದು ದಿನ ತನ್ನನ್ನು ಬೆರಳೊತ್ತಿ ದಪ್ಪ ಮಾಡುತ್ತಾರೆಂಬ ಸುಳಿವು ಇರಲಿಕ್ಕಿಲ್ಲ.

ಪೂರ್ವಪಕ್ಷ

ಇಲ್ಲಿ ಪಾಶ್ಚಾತ್ಯರು ಎದುರು ನಿಲ್ಲುತ್ತಾರೆ. ಅವರ ಮತ ಇದು: ಬರೆದ ಮಾತಿಗೆ ಮುಖವಿಲ್ಲ, ದನಿಯಿಲ್ಲ, ಆದ್ದರಿಂದ ಚಿಹ್ನೆ ಬೇಕು. ಕಂಪ್ಯೂಟರಿನಲ್ಲಿ ಬರೆದ ತಮಾಷೆಯನ್ನು ಜನ ನಿಜವೆಂದು ನಂಬುವುದನ್ನು ಕಂಡು ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು ಎರಡು ಚುಕ್ಕೆ, ಒಂದು ಗೆರೆ, ಒಂದು ಕಂಸ ಜೋಡಿಸಿ ನಗುಮುಖ ಮಾಡಿಕೊಟ್ಟ. 1995ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಸ್ಮೃತಿಗ್ರಂಥ ಅಂತರ್ಜಾಲದ ಸದಾಚಾರಗಳನ್ನು ವಿಧಿಸಿತು: ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕೂಗಿದಂತೆ ಕಾಣುತ್ತದೆ, ಒತ್ತು ಬೇಕಾದಲ್ಲಿ ಪದದ ಎರಡೂ ಪಕ್ಕ ನಕ್ಷತ್ರ ಇಡಿ, ಸಹಿ ನಾಲ್ಕು ಸಾಲು ಮೀರದಿರಲಿ.

ಉತ್ತರಪಕ್ಷ ಹೀಗಿದೆ. ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ಚಿಕ್ಕಕ್ಷರವೂ ಇಲ್ಲ. ಎಲ್ಲ ಅಕ್ಷರಗಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ. ಹೀಗಾಗಿ ಲಿಪಿಯ ಮಟ್ಟಿಗೆ ಕನ್ನಡಿಗ ಕೂಗಲಾರ. ಕೂಗಲಾರದವನಿಗೆ ಕೂಗುವ ಆಸೆ ಹೆಚ್ಚು. 2016ರಲ್ಲಿ ವಾಟ್ಸಾಪು ನಕ್ಷತ್ರ, ಅಡಿಗೆರೆ ಮತ್ತು ಅಲೆಗೆರೆಗಳನ್ನು ದಯಪಾಲಿಸಿದ ಕೂಡಲೇ ಅಷ್ಟೂ ಶತಮಾನಗಳ ಬಾಕಿ ಒಮ್ಮೆಲೇ ತೀರತೊಡಗಿತು.

ಸೂತ್ರಗಳು

1. ನಕ್ಷತ್ರಯೋರ್ಮಧ್ಯೇ ಸ್ಥೂಲಮ್.
ವೃತ್ತಿ: ಎರಡು ನಕ್ಷತ್ರಗಳ ನಡುವೆ ಬಂದ ಪದ ದಪ್ಪವಾಗುತ್ತದೆ. ನಕ್ಷತ್ರಕ್ಕೂ ಪದಕ್ಕೂ ನಡುವೆ ಜಾಗ ಬಿಡಕೂಡದು. ಬಿಟ್ಟರೆ ಪದ ದಪ್ಪವಾಗದೆ ನಕ್ಷತ್ರಗಳು ಹಾಗೇ ಉಳಿದು ಬರೆದವರ ವಯಸ್ಸನ್ನು ಬಯಲು ಮಾಡುತ್ತವೆ. ವಿಭಕ್ತಿ ಪ್ರತ್ಯಯ ನಕ್ಷತ್ರದ ಒಳಗಿರಬೇಕೋ ಹೊರಗೋ ಎಂಬ ಶಂಕೆಗೆ ಸಮಾಧಾನ: ಒಳಗೆ. ‘ಸಭೆಗೆ’ ಎಂಬಲ್ಲಿ ಸಭೆಯನ್ನು ದಪ್ಪ ಮಾಡಿ ‘ಗೆ’ಯನ್ನು ಬಡಕಲಾಗಿ ಹೊರಗೆ ನಿಲ್ಲಿಸುವುದು ಚತುರ್ಥಿಗೆ ಮಾಡಿದ ಅವಮಾನ.
ಇಲ್ಲೊಂದು ಶಾಖಾಭೇದವೂ ಉಂಟು. ಜಾನ್ ಗ್ರೂಬರ್ 2004ರಲ್ಲಿ ಪ್ರವರ್ತಿಸಿದ ಮಾರ್ಕ್‌ಡೌನ್ ಶಾಖೆಯಲ್ಲಿ ದಪ್ಪಕ್ಕೆ ಅತ್ತ ಎರಡು, ಇತ್ತ ಎರಡು ನಕ್ಷತ್ರ. ಒಂದೊಂದೇ ಹಾಕಿದರೆ ಅಕ್ಷರ ಓರೆ. ವಾಟ್ಸಾಪ್ ಶಾಖೆಯಲ್ಲಿ ಒಂದೊಂದಕ್ಕೇ ದಪ್ಪ. ಈ ಭೇದ ಸಂಶೋಧಕನಿಗೆ ವರ. ಸೊಸೈಟಿಯ ವಾರ್ಷಿಕ ವರದಿಯ ತಲೆಬರಹಗಳಲ್ಲಿ ಹೆಚ್ಚುವರಿ ನಕ್ಷತ್ರಗಳು ಮಿನುಗುತ್ತಿದ್ದರೆ, ಅದನ್ನು ಖಜಾಂಚಿಗಳು ರಾತ್ರಿಯೆಲ್ಲ ಕೂತು ಬರೆದದ್ದಲ್ಲ, ಎಐಯನ್ನು ಕೇಳಿ ಬರೆಸಿದ್ದು ಎಂದು ನಿರ್ಣಯಿಸಬಹುದು.

2. ಸರ್ವಸ್ಥೂಲೇ ಸ್ಥೂಲಾಭಾವಃ.
ವೃತ್ತಿ: ಎಲ್ಲವೂ ದಪ್ಪವಾದಾಗ ಯಾವುದೂ ದಪ್ಪವಲ್ಲ. ಇದು ತರ್ಕಶಾಸ್ತ್ರಕ್ಕೆ ಗೊತ್ತು, ಅಸೋಸಿಯೇಷನ್ನಿಗೆ ಗೊತ್ತಿಲ್ಲ. ಇಡೀ ನೋಟಿಸನ್ನು ದಪ್ಪ ಮಾಡಿದ ಕಾರ್ಯದರ್ಶಿಗಳಿಗೆ ಮುಂದಿನ ತಿಂಗಳು ಹೆಚ್ಚು ಮುಖ್ಯವಾದದ್ದೇನಾದರೂ ಬಂದರೆ ಹೋಗಲು ಜಾಗವಿರುವುದಿಲ್ಲ. ಆಗ ಅವರು ಬೆಂಕಿ, ಸೈರನ್ನು, ಕೆಂಪು ತ್ರಿಕೋನಗಳ ಎಮೋಜಿಗೆ ಏರುತ್ತಾರೆ. ಎರಡನೆಯ ಮಹಡಿಯಲ್ಲಿ ನಿಜವಾಗಿ ಬೆಂಕಿ ಬಿದ್ದರೆ ಬರೆಯಲು ಇನ್ನೇನು ಉಳಿಯಿತು ಎಂಬ ಪ್ರಶ್ನೆಯನ್ನು ಶಾಸ್ತ್ರ ಅಗ್ನಿಶಾಮಕ ದಳಕ್ಕೆ ಬಿಡುತ್ತದೆ.

3. ವಕ್ರಂ ನ ಕರ್ಣಾಟೇ.
ವೃತ್ತಿ: ಕನ್ನಡದಲ್ಲಿ ಓರೆಯಕ್ಷರ ಸಲ್ಲದು. ರೋಮನ್ ಲಿಪಿಯ ಇಟಾಲಿಕ್ ಒಂದು ಕೈಬರಹದಿಂದ ಹುಟ್ಟಿದ್ದು. ಅದಕ್ಕೆ ಇಟಲಿಯಲ್ಲಿ ಹದಿನಾರನೆಯ ಶತಮಾನದ ಆರಂಭದ ಮನೆತನವಿದೆ. ಕನ್ನಡಕ್ಕೆ ಆ ವಂಶಾವಳಿಯಿಲ್ಲದ ಕಾರಣ ಮೊಬೈಲು ನೆಟ್ಟಗಿದ್ದ ಅಕ್ಷರವನ್ನೇ ಹಿಡಿದು ಬಲಕ್ಕೆ ತಳ್ಳುತ್ತದೆ. ತಲೆಕಟ್ಟು, ಗುಡಿಸು, ಒತ್ತಕ್ಷರ ಸಮೇತ ‘ಶ್ರದ್ಧಾಂಜಲಿ’ಯನ್ನು ಓರೆ ಮಾಡಿ ನೋಡಿ: ಘಾಟಿಯ ತಿರುವಿನಲ್ಲಿ ಕೆಂಪು ಬಸ್ಸಿನೊಳಗೆ ನಿಂತ ಪ್ರಯಾಣಿಕರಂತೆ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿರುತ್ತಾರೆ. ಸತ್ತವರಿಗೆ ಮರ್ಯಾದೆಯಲ್ಲ.

4. ತರಂಗಯೋರ್ಮೃತಮಪಿ ಜೀವತಿ.
ವೃತ್ತಿ: ಎರಡು ಅಲೆಗೆರೆಗಳ ನಡುವೆ ಸಿಕ್ಕ ಮಾತು ಸತ್ತರೂ ಬದುಕಿರುತ್ತದೆ. ನಡುವೆ ಗೆರೆ ಎಳೆದಿದ್ದರೂ ಓದಲು ಬರುವುದೇ ಇದರ ಗುಣ. ಮೇಂಟೆನೆನ್ಸ್ ಕಟ್ಟದವರ ಫ್ಲ್ಯಾಟ್ ನಂಬರುಗಳ ಪಟ್ಟಿ ಹಾಕಿ, ಕಟ್ಟಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆದುಹಾಕುವುದು ಇದರ ಲೌಕಿಕ ಪ್ರಯೋಗ. ಕಟ್ಟಿದವನ ನಂಬರೂ ಕಾಣುತ್ತಿರುತ್ತದೆ, ಅವನು ತಡಮಾಡಿದ್ದೂ ಕಾಣುತ್ತಿರುತ್ತದೆ. ಹಣ ಹೋದರೂ ಪಾಪ ಹೋಗುವುದಿಲ್ಲ ಎಂಬ ಕರ್ಮಸಿದ್ಧಾಂತಕ್ಕೆ ಇಷ್ಟು ಸ್ಪಷ್ಟವಾದ ದೃಷ್ಟಾಂತ ಬೇರೆಲ್ಲೂ ಸಿಗದು.

5. ಉತ್ಸಾಹೇ ವ್ಯಂಜನಸ್ಯಾಪಿ ಪ್ಲುತಃ.
ವೃತ್ತಿ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದವರನ್ನು ಕೂಗುವಾಗ ಸ್ವರವನ್ನು ಎಳೆಯುವುದೇ ಪ್ಲುತ. ವ್ಯಾಕರಣದವರು ಅದನ್ನು ‘ಅಣ್ಣಾ೩’ ಎಂದು ಅಂಕಿ ಹಾಕಿ ಗುರುತಿಸುತ್ತಾರೆ. ಪ್ರಾಚೀನರ ಮತದಲ್ಲಿ ಸ್ವರಕ್ಕೆ ಮಾತ್ರ ಈ ಭಾಗ್ಯ. ಆಧುನಿಕರು ‘ಸೂಪರ್‌ರ್‌ರ್‌ರ್’ ಎಂದು ಬರೆದು ಅರ್ಧ ವ್ಯಂಜನಕ್ಕೂ ಅದನ್ನು ವಿಸ್ತರಿಸಿದ್ದಾರೆ. ಈ ರಕಾರವನ್ನು ಬಾಯಲ್ಲಿ ಉಚ್ಚರಿಸಿ ತೋರಿಸಲು ಆಟೋರಿಕ್ಷಾ ಒಂದಕ್ಕೇ ಸಾಧ್ಯ. ಮಗುವಿನ ಚಿತ್ರಕಲೆಗೆ ಎಷ್ಟು ರಕಾರ ಎಂಬುದು ಅಪ್ಪನ ಹುದ್ದೆಯನ್ನು ಅವಲಂಬಿಸಿದೆ. ಅಸೋಸಿಯೇಷನ್ನಿನ ಅಧ್ಯಕ್ಷರ ಮೊಮ್ಮಗಳಿಗೆ ಒಂಬತ್ತಕ್ಕಿಂತ ಕಡಿಮೆ ಹಾಕುವುದು ಅವಿವೇಕ.

6. ಅಂಜಲಿಃ ಸರ್ವಾರ್ಥಕಃ.
ವೃತ್ತಿ: ಮುಗಿದ ಕೈಗೆ ಎಲ್ಲ ಅರ್ಥಗಳೂ ಉಂಟು. ಭರತನ ನಾಟ್ಯಶಾಸ್ತ್ರ 13 ಸಂಯುತ ಹಸ್ತಗಳಲ್ಲಿ ಅಂಜಲಿಯನ್ನು ಮೊದಲಿಗಿಟ್ಟು, ದೇವರಿಗಾದರೆ ತಲೆಯ ಮೇಲೆ, ಗುರುಹಿರಿಯರಿಗೆ ಮುಖದ ಬಳಿ, ಗೆಳೆಯರಿಗೆ ಎದೆಯ ಬಳಿ ಎಂದು ನೆಲೆ ನಿಗದಿಮಾಡಿತು. 2010ರ ಯೂನಿಕೋಡ್ 6.0ರಲ್ಲಿ ಮುಗಿದ ಕೈ ಸೇರಿದಾಗ ಅದಕ್ಕೆ ತಲೆಯೂ ಇರಲಿಲ್ಲ, ಎದೆಯೂ ಇರಲಿಲ್ಲ. ಆದ್ದರಿಂದ ನೆಲೆಯ ಬದಲು ಸಂಖ್ಯೆ ಬಂತು. ಒಂದು ಹಾಕಿದರೆ ‘ನೋಡಿದೆ’. ಎರಡಾದರೆ ‘ಆಯಿತು, ಮಾಡುತ್ತೇನೆ’, ಅಂದರೆ ಮಾಡುವುದಿಲ್ಲ. ಮೂರಕ್ಕೆ ಧನ್ಯವಾದ. ಐದು ಕಂಡರೆ ಯಾರೋ ತೀರಿಕೊಂಡಿದ್ದಾರೆ. ವಾದದ ನಡುವೆ ಒಂಟಿಯಾಗಿ, ಪದದ ನೆರವಿಲ್ಲದೆ ಬಂದ ಅಂಜಲಿಗೆ ‘ನಿಮಗೊಂದು ದೊಡ್ಡ ನಮಸ್ಕಾರ, ಸಾಕು ಮಾಡಿ ಮಾರಾಯರೇ’ ಎಂದು ಅರ್ಥ. ಸಾವಿನ ಸುದ್ದಿಯ ಕೆಳಗೆ ಐದೈದರಂತೆ ಅಂಜಲಿಗಳು ಇಳಿಯುತ್ತಿರುವಾಗ, ಸುದ್ದಿ ನೋಡದ ಒಬ್ಬರು ಗುಲಾಬಿ ಹೂವಿನ ಶುಭೋದಯ ಕಳಿಸಿ ರಸಭಂಗ ಮಾಡುವುದು ಪ್ರತಿ ಗ್ರೂಪಿಗೂ ತಪ್ಪಿದ್ದಲ್ಲ.

7. ಲುಪ್ತಂ ಸರ್ವೈಃ ಪಠ್ಯತೇ.
ವೃತ್ತಿ: ಅಳಿಸಿದ್ದನ್ನು ಎಲ್ಲರೂ ಓದುತ್ತಾರೆ. ಕಳಿಸಿದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ 2017ರಲ್ಲಿ ಬಂತು. ಅಂದಿನಿಂದ, ಸಂದೇಶ ಅಳಿಸಲಾಗಿದೆ ಎಂಬ ಆ ಬೂದು ಸಾಲಿಗೆ ಸಿಕ್ಕ ಓದುಗರು ಯಾವ ನಕ್ಷತ್ರಭೂಷಿತ ಸಂದೇಶಕ್ಕೂ ಸಿಕ್ಕಿಲ್ಲ. ಆನಂದವರ್ಧನ ಹೇಳಿದ ಧ್ವನಿಗೆ, ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥಕ್ಕೆ, ಇದೇ ಪರಮಾವಧಿ. ಅಳಿಸಿದವರು ಬಿ-302ರ ಮನೆಯವರು, ಅಳಿಸಿದ ಸಮಯ ರಾತ್ರಿ ಹನ್ನೊಂದೂವರೆ ಎಂಬ ಎರಡೇ ವಿಭಾವಗಳಿಂದ ಸಹೃದಯರು ಬೆಳಗಾಗುವುದರೊಳಗೆ ಒಂದು ಪ್ರಬಂಧಧ್ವನಿಯನ್ನೇ ಕಟ್ಟಿಕೊಳ್ಳುತ್ತಾರೆ.

ಪಾಠಸಂಶೋಧನ ಪ್ರಕರಣ

ಗ್ರೂಪಿನಲ್ಲಿ ಹುಟ್ಟುವ ಗ್ರಂಥಗಳಲ್ಲಿ ಅತಿ ಜಟಿಲವಾದದ್ದು ಪಟ್ಟಿ. ಗಣೇಶನ ಹಬ್ಬದ ಸಹಭೋಜನಕ್ಕೆ ಯಾರು ಏನು ತರುತ್ತಾರೆ ಎಂದು ಒಬ್ಬರು ಆರಂಭಿಸುತ್ತಾರೆ. ಮುಂದಿನವರು ಅದನ್ನು ಕಾಪಿ ಮಾಡಿ, ತಮ್ಮ ಸಾಲು ಸೇರಿಸಿ, ಮತ್ತೆ ಹಾಕಬೇಕು. ಓಲೆಗರಿಯ ಕಾಲದಿಂದ ಗ್ರಂಥಗಳು ಉಳಿದುಬಂದದ್ದೂ ಕೆಟ್ಟದ್ದೂ ಹೀಗೇ, ಪ್ರತಿಯಿಂದ ಪ್ರತಿಗೆ.

ಆದಿಪಾಠದಲ್ಲಿ ಐದು ಸಾಲಿದ್ದವು: ಎ-102 ಕೋಸಂಬರಿ, ಎ-305 ಚಿತ್ರಾನ್ನ, ಬಿ-101 ಆಂಬೊಡೆ, ಬಿ-204 ಪಲ್ಯ, ಸಿ-003 ಹಪ್ಪಳ. ಈ ಪ್ರತಿಯನ್ನು ಸಿ-204 ಮತ್ತು ಎ-403 ಒಂದೇ ಗಳಿಗೆಯಲ್ಲಿ ಎತ್ತಿಕೊಂಡರು. ಒಬ್ಬರು ಆರನೆಯದಾಗಿ ಕಡುಬು ಬರೆದರು, ಇನ್ನೊಬ್ಬರು ಆರನೆಯದಾಗಿ ಪಾಯಸ ಬರೆದರು. ಇಲ್ಲಿಂದ ಪರಂಪರೆ ಕವಲೊಡೆಯಿತು. ಕಡುಬು ಪಾಠವನ್ನು ಅನುಸರಿಸಿದವರಿಗೆ ಪಾಯಸದ ಅರಿವಿಲ್ಲ. ಪಾಯಸ ಪಾಠದವರಿಗೆ ಕಡುಬು ಅಶ್ರುತ. ಮಧ್ಯಾಹ್ನ ಎದ್ದು ಬಂದ ಒಬ್ಬ ಲಿಪಿಕಾರರು ಮೇಲಕ್ಕೆ ಸರಿಸುತ್ತಾ ಹೋಗಿ ಮೂಲ ಪ್ರತಿಯನ್ನೇ ಹಿಡಿದು, ಅದಕ್ಕೆ ಮೊಸರನ್ನ ಸೇರಿಸಿ ಮೂರನೆಯ ಶಾಖೆ ತೆರೆದರು. ನಾಲ್ಕನೆಯವರು ಎಲ್ಲವನ್ನೂ ಸಮನ್ವಯಗೊಳಿಸಲು ಹೋಗಿ ಹಪ್ಪಳವನ್ನು ಕೈಬಿಟ್ಟರು. ಐದನೆಯವರು ಸಂಖ್ಯೆ ಹಾಕದೆ ‘ನಮ್ಮದೂ ಒಂದು ಐಟಂ ಇರುತ್ತೆ’ ಎಂದು ಬರೆದರು. ಇದು ಪ್ರಕ್ಷಿಪ್ತವೆಂದು ಶಾಸ್ತ್ರದ ಅಭಿಪ್ರಾಯ.

ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದನೆಯ ಹಳೆಯ ನಿಯಮ. ಅದನ್ನು ಇಲ್ಲಿಗೂ ಅನ್ವಯಿಸಬಹುದು. ಆಂಬೊಡೆಗೂ ಚಿಪ್ಸಿಗೂ ಪಾಠಭೇದ ಕಂಡರೆ ಆಂಬೊಡೆಯನ್ನೇ ಮೂಲವೆಂದು ಇಟ್ಟುಕೊಳ್ಳಬೇಕು. ಕಡಲೆಬೇಳೆ ನೆನೆಸಿ ರುಬ್ಬುವ ಕಷ್ಟವನ್ನು ಯಾವ ಲಿಪಿಕಾರನೂ ನಂತರ ತಾನಾಗಿ ತಂದುಹಾಕಿಕೊಳ್ಳುವುದಿಲ್ಲ. ಹಬ್ಬದ ದಿನ ಮೇಜಿನ ಮೇಲೆ ನಾಲ್ಕು ಪಾತ್ರೆ ಮೊಸರನ್ನ, ಎರಡು ಪಾಯಸ, ಒಂದು ಆಂಬೊಡೆಯ ಡಬ್ಬಿ ಕಂಡವು. ಬಾಳೆಎಲೆ ಯಾವ ಶಾಖೆಯಲ್ಲೂ ಇರಲಿಲ್ಲ.

ಅಪೌರುಷೇಯ ಪ್ರಕರಣ

ಕರ್ತೃವಿಲ್ಲದ ವಾಕ್ಯವೇ ಪರಮ ಪ್ರಮಾಣ ಎಂದು ಮೀಮಾಂಸಕರು ವಾದಿಸಿದ್ದು ವೇದದ ವಿಷಯದಲ್ಲಿ. ಇಂದು ಆ ಸ್ಥಾನ ಫಾರ್ವರ್ಡಿಗೆ ಸಂದಿದೆ. ಇದನ್ನು ಯಾರೂ ಬರೆದಿಲ್ಲ, ಎಲ್ಲರೂ ಕಂಡಿದ್ದಾರೆ. ಕೊನೆಯಲ್ಲಿ ‘ಕೃಪೆ: ವಾಟ್ಸಾಪ್’ ಎಂದಿರುತ್ತದೆ, ಇಲ್ಲವೇ ‘ಸಂಗ್ರಹ’. 2018ರಲ್ಲಿ ಕಂಪನಿ ಇಂಥವಕ್ಕೆ ಫಾರ್ವರ್ಡ್ ಎಂಬ ಹಣೆಪಟ್ಟಿ ಹಚ್ಚಿತು. ಮರುವರ್ಷ, ಐದಾರು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣದ ಗುರುತು ಬಂತು. ಎಚ್ಚರಿಕೆಯಾಗಲೆಂದು ಇಟ್ಟ ಆ ಬಾಣಗಳನ್ನು ಮಾವಯ್ಯನಂಥವರು ಐಎಸ್‌ಐ ಮಾರ್ಕಿನ ಹಾಗೆ ಓದಿಕೊಂಡು ‘ಇಷ್ಟು ಜನ ಕಳಿಸಿದ್ದಾರೆಂದರೆ ಸುಳ್ಳಿರುತ್ತದೆಯೇ’ ಎನ್ನುತ್ತಾರೆ.

ಇದರ ಅಂಗವಿನ್ಯಾಸ ಕಟ್ಟುನಿಟ್ಟು. ತಲೆಬರಹ ದಪ್ಪ. ಪ್ರತಿ ಸಾಲಿನ ಕೊನೆಗೂ ಚುಕ್ಕೆಗಳ ಸಾಲು, ಓದುಗ ಬಿಕ್ಕಿ ಬಿಕ್ಕಿ ಓದಬೇಕೆಂದು. ಕೊನೆಗೆ ಶಾಪ ಅಥವಾ ವರ: ಇದನ್ನು 11 ಜನರಿಗೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ, ಕಳಿಸದಿದ್ದರೆ ನಿಮ್ಮಿಷ್ಟ. ಶಾಪಾಶಯದ ಈ ಸಂಪ್ರದಾಯ ನಮ್ಮ ಶಾಸನಗಳಿಂದ ನೇರವಾಗಿ ಇಳಿದು ಬಂದದ್ದು. ದಾನಕ್ಕೆ ಕೇಡು ಬಗೆದವನಿಗೆ ಮಹಾಪಾತಕವೆಂದು ಹಲ್ಮಿಡಿಯೇ ಹೇಳುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಆಮೇಲಿನ ಎಷ್ಟೋ ಶಾಸನಗಳು ಗದರಿಸುತ್ತವೆ. ಶಾಸನದ ಶಾಪಕ್ಕೆ ಕಾವಲಿಗೊಂದು ಹೊಲವಾದರೂ ಇತ್ತು. ಫಾರ್ವರ್ಡಿನ ಶಾಪ ಕಾಯುವುದು ಶಾಪವನ್ನೇ. ಜೊತೆಗೆ 2018ರಿಂದ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಲು ಅನುಮತಿ. ಹೀಗಾಗಿ ಹನ್ನೊಂದರ ಪುಣ್ಯವನ್ನು ಐದು, ಐದು, ಒಂದು ಎಂದು ಮೂರು ಕಂತಿನಲ್ಲಿ ಸಂಪಾದಿಸಬೇಕು. 2020ರಿಂದ ಜೋಡಿ ಬಾಣದವಕ್ಕೆ ಸಲಕ್ಕೆ ಒಂದೇ. ಅಲ್ಲಿ ಹನ್ನೊಂದು ಕಂತು. ಕಲಿಯುಗದಲ್ಲಿ ಧರ್ಮ ಕುಂಟುತ್ತದೆ ಎಂದದ್ದು ಇದನ್ನೇ ಇರಬೇಕು.

ಪ್ರಯೋಗ ಪ್ರಕರಣ

ಇನ್ನು ಒಂದು ಪೂರ್ಣ ಕೃತಿಯನ್ನು ಎತ್ತಿಕೊಂಡು ಪರಿಶೀಲಿಸೋಣ.

*ಆತ್ಮೀಯ ನಿವಾಸಿಗಳೇ,*
*ಎಲ್ಲರ ಗಮನಕ್ಕೆ!!!*
_ಈ ಮೂಲಕ ತಿಳಿಯಪಡಿಸುವುದೇನೆಂದರೆ_ ಸಂಪಿನ ಸ್ವಚ್ಛತಾ ಕಾರ್ಯದ ನಿಮಿತ್ತ *ನಾಳೆ* ನೀರು ಸರಬರಾಜಿನಲ್ಲಿ *ತಾತ್ಕಾಲಿಕ ವ್ಯತ್ಯಯ* ಉಂಟಾಗುವ ಸಂಭವವಿರುತ್ತದೆ.
*ದಯವಿಟ್ಟು ಸಹಕರಿಸಿ!!*
*ಇಂತಿ ತಮ್ಮ ವಿಶ್ವಾಸಿ,*
*ಕಾರ್ಯದರ್ಶಿ*

ಅನ್ವಯ: ನೀರು ಬರುವುದಿಲ್ಲ. ಅಲಂಕಾರ: ನಕ್ಷತ್ರಗಳು 14, ಆಶ್ಚರ್ಯಸೂಚಕಗಳು 5. ಗುಣ: ಗಾಂಭೀರ್ಯ. ದೋಷ: ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಎಂಬ ಮಾತು ನಕ್ಷತ್ರಗಳ ಒಳಗೂ ಇಲ್ಲ, ಹೊರಗೂ ಇಲ್ಲ. ‘ನೀರು’ ಎಂಬ ಪದಕ್ಕೆ ನಕ್ಷತ್ರ ಸಿಗದೆ ‘ಕಾರ್ಯದರ್ಶಿ’ಗೆ ಸಿಕ್ಕಿರುವುದನ್ನು ಗಮನಿಸಬೇಕು. ದಪ್ಪವಾದದ್ದನ್ನು ಮಾತ್ರ ಆರಿಸಿ ಓದಿದರೆ ಕೃತಿಯ ತಾತ್ಪರ್ಯ ಹೀಗೆ ಹೊರಡುತ್ತದೆ: ಆತ್ಮೀಯ ನಿವಾಸಿಗಳೇ, ನಾಳೆ ಕಾರ್ಯದರ್ಶಿ ತಾತ್ಕಾಲಿಕ ವ್ಯತ್ಯಯ, ದಯವಿಟ್ಟು ಸಹಕರಿಸಿ.

ನಿವಾಸಿಗಳು ಸಹಕರಿಸಿದರು. ಸಂಜೆಯೊಳಗೆ ಅಂಜಲಿಗಳು, ಹೆಬ್ಬೆರಳುಗಳು, ಎರಡು ‘ಉತ್ತಮ ಕಾರ್ಯ ಸರ್’ ಬಂದವು. ಒಬ್ಬರೂ ಒಂದು ಬಕೆಟ್ ನೀರು ತುಂಬಿಡಲಿಲ್ಲ. ತುಂಬಿಟ್ಟವರು ಡಿ ಬ್ಲಾಕಿನವರು ಮಾತ್ರ. ಕಾರಣ, ಅಲ್ಲಿಯ ವಾಚ್‌ಮನ್ ಓದು ಬರಹ ಅಷ್ಟಕ್ಕಷ್ಟೇ ಆದದ್ದರಿಂದ ತಮ್ಮ ಬ್ಲಾಕಿನ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು: ‘ಸಾರ್, ನಾಳೆ ಏಳರಿಂದ ಒಂದು ಗಂಟೆ ತನಕ ನೀರ್ ಇರಲ್ಲ. ಇವತ್ತೇ ಹಿಡ್ಕೊಂಡ್‌ಬಿಡಿ. ಆಮೇಲೆ ನನ್ನ ಬೈಬೇಡಿ.’

ಸಿದ್ಧಾಂತ

ಈ ವಾಚ್‌ಮನ್ನರ ವಾಕ್ಯದಲ್ಲಿ ಸ್ಥೂಲವಿಲ್ಲ, ವಕ್ರವಿಲ್ಲ, ಪ್ಲುತವಿಲ್ಲ, ಅಂಜಲಿಯಿಲ್ಲ. ಸಮಯವಿದೆ, ಮಾಡಬೇಕಾದ ಕೆಲಸವಿದೆ, ಹೇಳುವವನಿಗೆ ಇರುವ ಭಯವಿದೆ. ಅಲಂಕಾರಶಾಸ್ತ್ರದ ಎಲ್ಲ ಸೂತ್ರಗಳನ್ನೂ ಮುರಿದ ಈ ವಾಕ್ಯವನ್ನು ಡಿ ಬ್ಲಾಕ್ ಕೇಳಿತು, ನಂಬಿತು, ಬಕೆಟ್ ಇಟ್ಟಿತು. ಪಾಶ್ಚಾತ್ಯರ ಪೂರ್ವಪಕ್ಷವನ್ನು ಇಲ್ಲಿಗೆ ಅರ್ಧ ಒಪ್ಪಬಹುದು: ಚಿಹ್ನೆಗಳೆಲ್ಲ ದನಿಯ ಬದಲಿಗೆ ಬಂದವೇ. ಆದರೆ ದನಿಗೂ ಮೊದಲು ಹೇಳಲು ಒಂದು ಮಾತು ಬೇಕೆಂಬುದನ್ನು ಅವರು ಬರೆಯಲಿಲ್ಲ. ಬರೆಯುವ ಅಗತ್ಯವಿದೆಯೆಂದು ಅವರಿಗೆ ತೋಚಲಿಲ್ಲ. ನಕ್ಷತ್ರದ ಸಂಖ್ಯೆ ಸಂಗತಿಯ ತೂಕಕ್ಕೆ ವಿಲೋಮವಾಗಿರುತ್ತದೆ ಎಂಬುದೇ ಸಿದ್ಧಾಂತ. ಅರಿಶಿನ ಹಚ್ಚಿದ ಕಾಗದದ ಒಳಗೆ ಮುಹೂರ್ತದ ಗಳಿಗೆ ತಪ್ಪದೆ ಇರುತ್ತಿತ್ತು.

ಹಾಗಾದರೆ ನಿಮ್ಮ ಏಳು ಸೂತ್ರಗಳು ವ್ಯರ್ಥವಲ್ಲವೇ ಎಂದು ಶಿಷ್ಯ ಕೇಳಬಹುದು. ವ್ಯರ್ಥವಲ್ಲ. ಹೇಳಲು ಏನೂ ಇಲ್ಲದ ದಿನ ಗ್ರೂಪಿನಲ್ಲಿ ಕಾಣಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಅವೇ ಗತಿ, ಮತ್ತು ಅಂಥ ದಿನಗಳೇ ಹೆಚ್ಚು.

ಫಲಶ್ರುತಿ

ಈ ಶಾಸ್ತ್ರವನ್ನು ದಿನವೂ ಪಾರಾಯಣ ಮಾಡಿದವನಿಗೆ ಅಡ್ಮಿನ್ ಪದವಿ ದೊರೆಯುತ್ತದೆ. ಅರ್ಧ ಓದಿದವನಿಗೆ ಖಜಾಂಚಿ ಪದವಿ. ಓದದೆ ಹೆಬ್ಬೆರಳು ಒತ್ತಿದವನಿಗೆ ಓದಿದವನಷ್ಟೇ ಫಲ; ಇದರಲ್ಲಿ ಶಾಸ್ತ್ರ ತಾರತಮ್ಯ ಮಾಡುವುದಿಲ್ಲ. ಸಂಗತಿಯನ್ನು ಮೊದಲ ಸಾಲಿನಲ್ಲೇ, ಗಂಟೆ ಸಮೇತ, ನಕ್ಷತ್ರವಿಲ್ಲದೆ ಬರೆದವನಿಗೆ ಯಾವ ಪದವಿಯೂ ಇಲ್ಲ, ಪ್ರತ್ಯುತ್ತರವೂ ಬರುವುದಿಲ್ಲ. ಎಲ್ಲರೂ ನೀರು ಹಿಡಿದಿಡಲು ಎದ್ದು ಹೋಗಿರುತ್ತಾರೆ.